ಬೆಂಚಿನ ತುದಿಯ ಅಜ್ಜ

ಜಿಎನ್‌ಎಂ ಮುಗಿಸಿ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತಷ್ಟೆ. ತುರ್ತು ವಿಭಾಗದಲ್ಲಿ ನೈಟ್ ಡ್ಯೂಟಿ. ಬೈಕಿನಿಂದ ಬಿದ್ದ ಹುಡುಗನೊಬ್ಬನನ್ನು ಹತ್ತಾರು ಜನ ಹೊತ್ತು ತಂದರು. ಹಣೆಯಿಂದ ರಕ್ತ ಸುರಿಯುತ್ತಿತ್ತು. ‘ಸಿಸ್ಟರ್, ಮೊದ್ಲು ಇವನ್ನ ನೋಡಿ’ ಎಂದು ಎಲ್ಲರದೂ ಕೂಗಾಟ. ನಾನು ಅತ್ತ ಓಡಿದೆ. ಅದಕ್ಕೂ ಮೊದಲೇ ಬಂದಿದ್ದ ಅಜ್ಜನೊಬ್ಬ ಬೆಂಚಿನ ತುದಿಯಲ್ಲಿ ಟವೆಲ್ ಹೊದ್ದು ಕೂತಿದ್ದರು. ಕೇಳಿದ್ದಕ್ಕೆ ‘ಏನಿಲ್ಲ ಕಣವ್ವ, ಗ್ಯಾಸ್ ಇರ್ಬೇಕು’ ಅಂದಿದ್ದರು. ನಾನೂ ನಂಬಿಬಿಟ್ಟಿದ್ದೆ.

ಆ ಕಡೆ ಹಾದುಹೋದ ಸೀನಿಯರ್ ಸಿಸ್ಟರ್ ಅಜ್ಜನ ಕೈ ಮುಟ್ಟಿ ನೋಡಿದರು. ಕೈ ತಣ್ಣಗಿತ್ತು, ಅಂಗಿ ಬೆವರಿನಿಂದ ಒದ್ದೆ. ತಕ್ಷಣ ಇಸಿಜಿ ತೆಗೆಸಿದರು. ಹೃದಯಾಘಾತ! ಡಾಕ್ಟರ್ ಓಡಿ ಬಂದರು, ಅಜ್ಜ ಉಳಿದರು. ಎಚ್ಚರವಾಗಿದ್ದು ಮಾತಾಡುತ್ತಿದ್ದ ಹುಡುಗನಿಗೆ ಬಿದ್ದದ್ದು ನಾಲ್ಕು ಹೊಲಿಗೆ. ಬೆಳಗಿನವರೆಗೂ ನನ್ನ ಕೈ ನಡುಗುತ್ತಿತ್ತು.

ಯಾರನ್ನು ಮೊದಲು ನೋಡಬೇಕು ಎಂದು ವಿಂಗಡಿಸುವ ಈ ಕೆಲಸಕ್ಕೆ ಟ್ರಯಾಜ್ ಎನ್ನುತ್ತಾರೆ. ನೆಪೋಲಿಯನ್ ಸೇನೆಯ ವೈದ್ಯ ಡೊಮಿನಿಕ್ ಲಾರೆ, ಸೈನಿಕನ ಹುದ್ದೆ ನೋಡದೆ ಗಾಯದ ತೀವ್ರತೆ ನೋಡಿ ಚಿಕಿತ್ಸೆ ಕೊಡುವ ಪದ್ಧತಿ ತಂದರು. ಇಂದು ಕೆಂಪು ಎಂದರೆ ತಕ್ಷಣ, ಹಳದಿ ಎಂದರೆ ಸ್ವಲ್ಪ ಕಾಯಬಹುದು, ಹಸಿರು ಎಂದರೆ ನಡೆದಾಡಬಲ್ಲವರು. ಸಾಮೂಹಿಕ ಅಪಘಾತದಲ್ಲಿ ಉಸಿರಾಟ ನಿಮಿಷಕ್ಕೆ 30 ಮೀರಿದರೆ, ಉಗುರು ಒತ್ತಿ ಬಿಟ್ಟಾಗ 2 ಸೆಕೆಂಡಿನಲ್ಲಿ ಕೆಂಪು ಮರಳದಿದ್ದರೆ, ‘ಕೈ ಎತ್ತಿ’ ಎಂದರೆ ಎತ್ತಲಾಗದಿದ್ದರೆ ಅವರು ಕೆಂಪು ಗುಂಪಿಗೆ.

ನಮ್ಮ ಕಡೆ ಇದು ಪುಸ್ತಕದ ಮಾತಲ್ಲ. 2022ರ ಮಾರ್ಚ್ 19ರಂದು ಪಾವಗಡ ತಾಲ್ಲೂಕಿನ ಪಳವಳ್ಳಿ ಬಳಿ ಬಸ್ ಉರುಳಿ ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಅದೇ ವರ್ಷ ಆಗಸ್ಟ್ 25ರಂದು ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಸಮೀಪ ರಾಯಚೂರು ಕಡೆಯ ಕೂಲಿಕಾರ್ಮಿಕರಿದ್ದ ವಾಹನ ಅಪಘಾತಕ್ಕೀಡಾಗಿ 9 ಮಂದಿ ಸತ್ತರು. ಅಂಥ ದಿನ ಗಾಯಾಳುಗಳು ಒಟ್ಟಿಗೇ ಬರುತ್ತಾರೆ. ಪಾವಗಡದಿಂದ ಮಧುಗಿರಿ, ಕೊರಟಗೆರೆ ದಾಟಿ ತುಮಕೂರು ಜಿಲ್ಲಾಸ್ಪತ್ರೆ ಸೇರಲು ಸುಮಾರು 100 ಕಿ.ಮೀ. ಯಾರನ್ನು ಮೊದಲ ಆಂಬುಲೆನ್ಸಿಗೆ ಹತ್ತಿಸಬೇಕು ಎಂಬುದೇ ಜೀವ–ಸಾವಿನ ಪ್ರಶ್ನೆ.

ಈ ತೀರ್ಮಾನವನ್ನು ಓದು ಒಂದೇ ಕಲಿಸುವುದಿಲ್ಲ. ಅನುಭವ ಬೇಕು, ಮತ್ತೆ ಮತ್ತೆ ತರಬೇತಿ ಬೇಕು. ನಿದ್ದೆಗೆಟ್ಟ ಕಣ್ಣು, ಒಬ್ಬಳೇ ನರ್ಸ್, ಸಂಬಂಧಿಕರ ಗದ್ದಲ, ‘ನಮ್ಮ ಕಡೆಯವರು, ಬೇಗ ನೋಡಿ’ ಎಂಬ ಫೋನು, ಎಲ್ಲವೂ ದಾರಿ ತಪ್ಪಿಸುತ್ತವೆ. ಅಂದು ನಾನು ರಕ್ತ ನೋಡಿದೆ, ನಾಡಿ ನೋಡಲಿಲ್ಲ.

ನರ್ಸಿಂಗ್ ಓದುತ್ತಿರುವ ಗೆಳೆಯ, ಗೆಳತಿಯರೇ, ಪೋಸ್ಟಿಂಗ್ ಇದ್ದಾಗ ತುರ್ತು ವಿಭಾಗವನ್ನು ತಪ್ಪಿಸಿಕೊಳ್ಳಬೇಡಿ. ಸೀನಿಯರ್‌ಗಳ ಪಕ್ಕ ನಿಂತು, ‘ಇವರನ್ನೇ ಯಾಕೆ ಮೊದಲು ನೋಡಿದಿರಿ?’ ಎಂದು ಕೇಳಿ. ಬೈದರೂ ಹೇಳಿಕೊಡುತ್ತಾರೆ. ನಾನಂತೂ ಈಗ ಡ್ಯೂಟಿಗೆ ಹೋದ ಕೂಡಲೇ ಮೊದಲು ನೋಡುವುದು ಬೆಂಚಿನ ತುದಿಯಲ್ಲಿ ಸುಮ್ಮನೆ ಕೂತವರನ್ನು.