‘ಆಗುತ್ತಾ?’ ಅನ್ನೋ ಬದಲು ‘ಏನು ಬೇಕು?’ ಅಂತ ಕೇಳಿ

ಸಂದರ್ಶನಕ್ಕೆ ಹೋದವರಿಗೆಲ್ಲ ಮೊದಲು ಎದುರಾಗುವುದು ‘ನಿಮ್ಮ ಬಗ್ಗೆ ಸ್ವಲ್ಪ ಹೇಳಿ’ ಎಂಬ ಮಾತು. ಅದಕ್ಕೆ ಉತ್ತರವನ್ನು ಕನ್ನಡಿ ಮುಂದೆ ನಿಂತು ಹತ್ತು ಸಲ ಬಾಯಿಪಾಠ ಮಾಡಿಕೊಂಡು ಹೋಗಿರುತ್ತೇವೆ. ಆದರೆ ಬಿಳಿಕೋಲು ಹಿಡಿದು, ವೀಲ್‌ಚೇರ್‌ನಲ್ಲಿ ಕುಳಿತು ಅಥವಾ ಕಿವಿಗೆ ಶ್ರವಣಸಾಧನ ಹಾಕಿಕೊಂಡು ಹೋದ ಅಭ್ಯರ್ಥಿಗೆ ಸಿಗುವ ಮೊದಲ ಪ್ರಶ್ನೆಯೇ ಬೇರೆ: ‘ಈ ಕೆಲಸ ನಿಮ್ಮ ಕೈಲಿ ಆಗುತ್ತಾ?’

ಆ ಪ್ರಶ್ನೆಗೆ ಏನು ಉತ್ತರ ಕೊಡುವುದು ಹೇಳಿ? ‘ಆಗುತ್ತೆ’ ಅಂದರೆ ನಂಬುವುದಿಲ್ಲ. ‘ಪ್ರಯತ್ನ ಮಾಡ್ತೀನಿ’ ಅಂದರೆ ಆತ್ಮವಿಶ್ವಾಸ ಇಲ್ಲ ಅಂತಾರೆ. ಹದಿನೇಳು ವರ್ಷ ಓದಿ ಗಳಿಸಿದ ಅಂಕಪಟ್ಟಿಗಳು ಫೈಲಿನಿಂದ ಹೊರಗೇ ಬರುವುದಿಲ್ಲ.

ನಾನು ಎಂ.ಕಾಂ. ಮುಗಿಸಿದವಳು. ನನ್ನ ಪ್ರಮಾಣಪತ್ರದಲ್ಲಿ ಶೇ 75ರಷ್ಟು ದೃಷ್ಟಿದೋಷ ಎಂದು ಬರೆದಿದೆ. ಅಕ್ಷರ ದೊಡ್ಡದಾಗಿದ್ದರೆ ಓದುತ್ತೇನೆ, ಇಲ್ಲದಿದ್ದರೆ ಕಂಪ್ಯೂಟರ್ ಓದಿ ಹೇಳಿದ್ದನ್ನು ಕೇಳಿಸಿಕೊಳ್ಳುತ್ತೇನೆ. ಎರಡು ವರ್ಷ ಕೆಲಸ ಹುಡುಕಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ನಮ್ಮಂಥವರಿಗೆ ನೌಕರಿ ತಪ್ಪುವುದು ಹೆಚ್ಚಿನ ಸಲ ವಿದ್ಯೆಯ ಕೊರತೆಯಿಂದ ಅಲ್ಲ. ಕೇಳಬೇಕಾದ ಒಂದು ಪ್ರಶ್ನೆಯನ್ನು ಯಾರೂ ಕೇಳದೇ ಇರುವುದರಿಂದ.

ಪುನರ್ವಸತಿ ಅಂದರೆ ಬರೀ ಮನೆ ಕಟ್ಟಿಕೊಡುವುದಲ್ಲ

‘ಪುನರ್ವಸತಿ’ ಎಂದ ಕೂಡಲೇ ನಮಗೆ ನೆನಪಾಗುವುದು ಹಿನ್ನೀರಿನಲ್ಲಿ ಮುಳುಗಿದ ಊರುಗಳು, ಬಾಗಲಕೋಟೆಯ ನವನಗರ. ಆದರೆ ‘ವೃತ್ತಿ ಪುನರ್ವಸತಿ’ ಅಂತ ಇನ್ನೊಂದಿದೆ. ಅಂಗವೈಕಲ್ಯ ಇರುವ ವ್ಯಕ್ತಿ ತನಗೆ ಒಗ್ಗುವ ಕೆಲಸ ಹಿಡಿದು, ಅದರಲ್ಲಿ ನೆಲೆ ನಿಲ್ಲುವ ತನಕ ಜೊತೆಗಿರುವ ಸೇವೆ ಅದು.

ಇದರಲ್ಲಿ ನಾಲ್ಕು ಹೆಜ್ಜೆಗಳಿವೆ. ಮೊದಲನೆಯದು ಅಭ್ಯರ್ಥಿಗೆ ಏನು ಬರುತ್ತದೆ, ಯಾವುದರಲ್ಲಿ ಆಸಕ್ತಿ ಎಂದು ನೋಡುವ ಮೌಲ್ಯಮಾಪನ. ಎರಡನೆಯದು ತರಬೇತಿ. ಮೂರನೆಯದು ಕೆಲಸದ ಜಾಗವನ್ನು ಆ ವ್ಯಕ್ತಿಗೆ ಹೊಂದಿಸುವುದು. ಕೊನೆಯದು, ನೌಕರಿ ಸಿಕ್ಕ ಮೇಲೂ ಕೆಲವು ತಿಂಗಳು ಆಗಾಗ ಹೋಗಿ ವಿಚಾರಿಸಿಕೊಳ್ಳುವುದು. ನಮ್ಮಲ್ಲಿ ಮೊದಲ ಎರಡಕ್ಕೆ ಸರ್ಟಿಫಿಕೇಟ್ ಸಿಗುತ್ತದೆ, ಫೋಟೊ ತೆಗೆಯುತ್ತಾರೆ. ಕೊನೆಯ ಎರಡು ಯಾರ ಕಣ್ಣಿಗೂ ಬೀಳುವುದಿಲ್ಲ. ನೌಕರಿ ಉಳಿಯುವುದು ಮಾತ್ರ ಅವುಗಳಿಂದಲೇ.

ಈ ಕೆಲಸದಲ್ಲಿ ಬೆಂಗಳೂರಿಗೆ ಹಳೆಯ ಹೆಸರಿದೆ. ತಾವೇ ಪೋಲಿಯೊಗೆ ತುತ್ತಾಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ‘ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ’ (ಎಪಿಡಿ) ಕಟ್ಟಿದರು. ಅಲ್ಲಿ ತೋಟಗಾರಿಕೆಯ ತರಬೇತಿಯೂ ಇದೆ. ದೃಷ್ಟಿದೋಷವಿರುವ ಮಹಾಂತೇಶ್ ಜಿ.ಕೆ. ತಮ್ಮ ಗೆಳೆಯನ ಜೊತೆ 1997ರಲ್ಲಿ ‘ಸಮರ್ಥನಂ’ ಆರಂಭಿಸಿದರು. 1999ರಲ್ಲಿ ಶಾಂತಿ ರಾಘವನ್ ಮತ್ತು ದೀಪೇಶ್ ಸುತಾರಿಯಾ ‘ಎನೇಬಲ್ ಇಂಡಿಯಾ’ ಶುರು ಮಾಡಿದರು. ಶಾಂತಿಯವರ ತಮ್ಮ ದೃಷ್ಟಿ ಕಳೆದುಕೊಂಡಿದ್ದೇ ಅವರಿಗೆ ಪ್ರೇರಣೆ. ಇವರಲ್ಲದೆ, ಕೇಂದ್ರ ಕಾರ್ಮಿಕ ಸಚಿವಾಲಯ ವಿಕಲಚೇತನರಿಗಾಗಿಯೇ ನಡೆಸುವ ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರವೂ ಬೆಂಗಳೂರಿನಲ್ಲಿದೆ. ಮೊದಲು ಅದನ್ನು ‘ವೃತ್ತಿ ಪುನರ್ವಸತಿ ಕೇಂದ್ರ’ ಎಂದೇ ಕರೆಯುತ್ತಿದ್ದರು. ಇಷ್ಟಿದ್ದರೂ, ನಮ್ಮ ಜಿಲ್ಲೆಯ ಕಾಲೇಜಿನಲ್ಲಿ ಐದು ವರ್ಷ ಓದಿದ ನನಗೆ ಇವುಗಳಲ್ಲಿ ಒಂದರ ಹೆಸರನ್ನೂ ಯಾರೂ ಹೇಳಿರಲಿಲ್ಲ.

ಹದಿನೈದು ನಿಮಿಷದ ವಿಷಯ

ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರ ಸಹಾಯಕರ ಹುದ್ದೆಗೆ ಕರೆದಿದ್ದರು. ಲಿಖಿತ ಪರೀಕ್ಷೆ ಕಂಪ್ಯೂಟರ್‌ನಲ್ಲಿ. ಪರದೆಯ ಅಕ್ಷರ ಇರುವೆಯಷ್ಟು. ದೊಡ್ಡದು ಮಾಡಲು ಅವಕಾಶ ಕೊಡಿ ಎಂದೆ. ‘ಎಲ್ಲರಿಗೂ ಒಂದೇ ರೂಲ್ಸ್ ಮೇಡಂ’ ಎಂದರು. ನಲವತ್ತು ಪ್ರಶ್ನೆಗಳಲ್ಲಿ ಹನ್ನೊಂದನ್ನು ಓದಲು ಸಾಧ್ಯವಾಯಿತು. ಆ ಹನ್ನೊಂದೂ ಸರಿಯಾಗಿದ್ದವು ಅನ್ನುವುದು ಬೇರೆ ಮಾತು.

ಮತ್ತೊಂದು ಕಡೆ ನನ್ನನ್ನು ಒಳಗೆ ಕರೆದ ಹಿರಿಯರೊಬ್ಬರು ಮೊದಲು ಕೇಳಿದ್ದು: ‘ನಿಮಗೆ ಏನು ಬೇಕು?’

ನನಗೆ ಬೇಕಾಗಿದ್ದು ಎನ್‌ವಿಡಿಎ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಅದು. ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ಯುವಕ 2006ರಲ್ಲಿ ಇದನ್ನು ಶುರು ಮಾಡಿದರು. ಕನ್ನಡವನ್ನೂ ಓದುತ್ತದೆ, ಒಂದು ರೂಪಾಯಿಯೂ ಕೊಡಬೇಕಿಲ್ಲ. ಅವರ ಹುಡುಗ ಅದನ್ನು ಕಂಪ್ಯೂಟರ್‌ಗೆ ಹಾಕಲು ಹದಿನೈದು ನಿಮಿಷ ಹಿಡಿಯಿತು. ಇಯರ್‌ಫೋನ್ ನನ್ನದೇ ಇತ್ತು. ಅಲ್ಲಿ ನಾನು ಕೆಲಸಕ್ಕೆ ಸೇರಿ ಏಳು ತಿಂಗಳಾಯಿತು. ತಿಂಗಳ ಕೊನೆಯಲ್ಲಿ ಜಿಎಸ್‌ಟಿ ಲೆಕ್ಕ ತಾಳೆಯಾಗದಿದ್ದರೆ ಈಗ ಬೈಸಿಕೊಳ್ಳುವವರಲ್ಲಿ ನಾನೂ ಒಬ್ಬಳು. ಅದೂ ಒಂದು ಸಮಾನತೆಯೇ ಅಲ್ಲವೇ?

ನನ್ನ ಹಾಸ್ಟೆಲ್ ಗೆಳತಿಯೊಬ್ಬಳಿಗೆ ಕಿವಿ ಕೇಳುವುದಿಲ್ಲ. ಗಾರ್ಮೆಂಟ್ ಘಟಕದಲ್ಲಿ ಗುಣಮಟ್ಟ ಪರೀಕ್ಷಕಿ. ಅವಳಿಗೆ ಬೇಕಿದ್ದುದು ಎರಡೇ: ಬೆಂಕಿ ಅವಘಡದ ಗಂಟೆ ಬಾರಿಸಿದಾಗ ಹೊತ್ತಿ ಮಿಂಚುವ ಒಂದು ದೀಪ, ಮತ್ತು ಸೂಪರ್‌ವೈಸರ್ ಹೇಳುವ ಬದಲಾವಣೆಗಳನ್ನು ಬೋರ್ಡಿನ ಮೇಲೆ ಬರೆಯುವ ಅಭ್ಯಾಸ. ಬೋರ್ಡಿನಲ್ಲಿ ಬರೆಯಲು ಶುರು ಮಾಡಿದ ಮೇಲೆ ಕಿವಿ ಕೇಳುವವರ ತಪ್ಪುಗಳೂ ಕಡಿಮೆಯಾದವು ಎಂದು ಅವಳು ನಗುತ್ತಾಳೆ.

ಬೌದ್ಧಿಕ ಅಸಾಮರ್ಥ್ಯ ಇರುವವರ ವಿಷಯ ಇನ್ನೂ ಕುತೂಹಲಕರ. ಅವರಿಗೆ ಮೊದಲು ತರಗತಿಯಲ್ಲಿ ಕಲಿಸಿ ಆಮೇಲೆ ಕೆಲಸಕ್ಕೆ ಕಳಿಸುವುದಕ್ಕಿಂತ, ಕೆಲಸದ ಜಾಗದಲ್ಲೇ ಒಬ್ಬ ತರಬೇತುದಾರರ ಜೊತೆಯಲ್ಲಿ ಕಲಿಯಲು ಬಿಡುವುದು ಹೆಚ್ಚು ಫಲ ಕೊಡುತ್ತದೆ. ‘ಬೆಂಬಲಿತ ಉದ್ಯೋಗ’ ಎನ್ನುವುದು ಇದಕ್ಕೇ. ಚಹಾ ಮಾಡುವ ಕೆಲಸವನ್ನು ಎಂಟು ಚಿತ್ರಗಳಾಗಿ ಬಿಡಿಸಿ ಗೋಡೆಗೆ ಅಂಟಿಸಿದರೆ ಅರ್ಧ ಪಾಠ ಮುಗಿದಂತೆ. ವಿಕಲಚೇತನರೇ ನಡೆಸುವ ‘ಮಿಟ್ಟಿ ಕೆಫೆ’ಯನ್ನು ಅಲೀನಾ ಆಲಂ 2017ರಲ್ಲಿ ಮೊದಲು ತೆರೆದದ್ದು ನಮ್ಮ ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ. 2023ರ ನವೆಂಬರ್‌ನಲ್ಲಿ ಅದರ ಒಂದು ಶಾಖೆ ಸುಪ್ರೀಂ ಕೋರ್ಟ್ ಆವರಣದಲ್ಲೇ ಆರಂಭವಾಯಿತು.

ಇದು ದಯೆಯಲ್ಲ, ಕಾನೂನು

‘ಏನು ಬೇಕು?’ ಎಂದು ಕೇಳುವುದು ಒಳ್ಳೆಯತನದ ಮಾತಷ್ಟೇ ಅಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ–2016 ಇದಕ್ಕೆ ‘ಸಮಂಜಸ ಹೊಂದಾಣಿಕೆ’ ಎಂಬ ಹೆಸರು ಕೊಟ್ಟಿದೆ. ಸಂಸ್ಥೆಗೆ ವಿಪರೀತ ಹೊರೆಯಾಗದಂತೆ, ವ್ಯಕ್ತಿಗೆ ಅಗತ್ಯವಿರುವ ಸೂಕ್ತ ಬದಲಾವಣೆ ಮಾಡಿಕೊಡುವುದು ಎಂದು ಅದರರ್ಥ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಷ್ಟೇ ಇದ್ದವು, ಈಗ 21 ಇವೆ. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 3 ಇದ್ದ ಮೀಸಲಾತಿ ಶೇ 4ಕ್ಕೆ ಏರಿದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ರಷ್ಟು ಸೀಟು ಮೀಸಲು. ಇವಕ್ಕೆ ಕನಿಷ್ಠ ಶೇ 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಖಾಸಗಿ ಕಂಪನಿಗಳೂ ತಪ್ಪಿಸಿಕೊಳ್ಳುವಂತಿಲ್ಲ. 20 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಿ, ವಿಕಲಚೇತನರಿಗೆ ಏನೇನು ಸೌಲಭ್ಯ ಕೊಡುತ್ತೇವೆ ಎಂದು ಅದರಲ್ಲಿ ಹೇಳಬೇಕು.

ಕಾನೂನು ಇದ್ದ ಮಾತ್ರಕ್ಕೆ ಬಾಗಿಲು ತಾನಾಗಿ ತೆರೆಯುವುದಿಲ್ಲ. ಇರಾ ಸಿಂಘಾಲ್ ಅವರ ಕಥೆ ನೋಡಿ. ಬೆನ್ನುಮೂಳೆಯ ತೊಂದರೆಯಿರುವ ಅವರು 2010ರ ನಾಗರಿಕ ಸೇವಾ ಪರೀಕ್ಷೆ ಪಾಸಾದರೂ, ದೈಹಿಕವಾಗಿ ಅಸಮರ್ಥರೆಂದು ಹುದ್ದೆ ನಿರಾಕರಿಸಲಾಯಿತು. ಅವರು ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋಗಿ ಗೆದ್ದರು. ಅಷ್ಟಕ್ಕೇ ನಿಲ್ಲದೆ 2014ರ ಪರೀಕ್ಷೆಯಲ್ಲಿ ಇಡೀ ದೇಶಕ್ಕೇ ಮೊದಲಿಗರಾದರು. ಗೆದ್ದವರ ಕಥೆಗೆ ಚಪ್ಪಾಳೆ ಹೊಡೆಯುವುದು ಸುಲಭ. ಆದರೆ ಕೋರ್ಟಿಗೆ ಅಲೆಯುವ ಶಕ್ತಿ, ಹಣ, ಪುರುಸೊತ್ತು ಎಷ್ಟು ಜನರಿಗಿದೆ?

ಇನ್ನೊಂದು ತೀರ್ಪು ಉದ್ಯೋಗಾಕಾಂಕ್ಷಿಗಳೆಲ್ಲ ತಿಳಿದಿರಬೇಕಾದದ್ದು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ ಯುಪಿಎಸ್‌ಸಿ ಬರಹಗಾರರ ಸಹಾಯ ನಿರಾಕರಿಸಿತ್ತು. ಶೇ 40ರ ಮಿತಿಯೊಳಗೆ ನೀವು ಬರುವುದಿಲ್ಲ ಎಂಬುದು ಕಾರಣ. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಬರೆಯಲು ನಿಜವಾಗಿ ತೊಂದರೆ ಇದ್ದರೆ ಸಾಕು, ಶೇಕಡಾವಾರು ಲೆಕ್ಕ ಅಡ್ಡ ಬರಬಾರದು ಎಂದಿತು. ಅದರ ನಂತರ 2022ರಲ್ಲಿ ಕೇಂದ್ರ ಸರ್ಕಾರ ಇಂಥವರಿಗಾಗಿ ಮಾರ್ಗಸೂಚಿಯನ್ನೂ ಹೊರಡಿಸಿತು.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದಾರೆ. ನಮ್ಮ ರಾಜ್ಯದಲ್ಲೇ 13 ಲಕ್ಷಕ್ಕೂ ಹೆಚ್ಚು. ದೇಶದ ವಿಕಲಚೇತನ ಪುರುಷರಲ್ಲಿ ಶೇ 47ರಷ್ಟು ಮಂದಿ ದುಡಿಯುತ್ತಿದ್ದರೆ, ಮಹಿಳೆಯರಲ್ಲಿ ಆ ಪ್ರಮಾಣ ಶೇ 23. ‘ಹೆಣ್ಣುಮಗು, ಅದರಲ್ಲೂ ಹೀಗಿದೆ, ಮನೆಯಲ್ಲೇ ಇರಲಿ ಬಿಡಿ’ ಎಂಬ ಮಾತು ಕೇಳಿ ಬೆಳೆದವರಿಗೆ ಈ ಅಂಕಿಅಂಶ ಅಚ್ಚರಿ ತರುವುದಿಲ್ಲ.

ಕೆಲಸ ಹುಡುಕುವ ಗೆಳೆಯರೇ, ಇಷ್ಟು ಮಾಡಿ

ಮೊದಲು ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. ದೇಶದಾದ್ಯಂತ ನಡೆಯುವ ಈ ವಿಶಿಷ್ಟ ಗುರುತಿನ ಚೀಟಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಹೇಗೆಂದು ತಿಳಿಯದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಗೆ ಹೋಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಸ್ವಂತ ಉದ್ಯೋಗ ಮಾಡುವವರಿಗಾಗಿ ರಾಜ್ಯದಲ್ಲಿ ‘ಆಧಾರ’ ಯೋಜನೆ ಇದೆ. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಸ್ಪರ್ಧಾತ್ಮಕ ಪರೀಕ್ಷೆಗೆ ಅರ್ಜಿ ತುಂಬುವಾಗಲೇ ಬರಹಗಾರರ ಸಹಾಯ ಮತ್ತು ಹೆಚ್ಚುವರಿ ಸಮಯದ ಕಲಂಗಳನ್ನು ಮರೆಯದೆ ತುಂಬಿ. ಅರ್ಹರಿಗೆ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಿಗಬೇಕೆಂಬುದು ಕೇಂದ್ರದ ಮಾರ್ಗಸೂಚಿ. ಪರೀಕ್ಷೆಯ ದಿನ ಬಾಗಿಲಲ್ಲಿ ನಿಂತು ಕೇಳಿದರೆ ಯಾರೂ ಕೊಡುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ನಿಮಗೆ ಏನು ಬೇಕು ಎಂಬುದನ್ನು ನೀವೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ‘ಸ್ವಲ್ಪ ಸಹಾಯ ಬೇಕು ಸರ್’ ಎಂದರೆ ಎದುರಿನವರಿಗೆ ಭಯವಾಗುತ್ತದೆ. ‘ಈ ಉಚಿತ ತಂತ್ರಾಂಶ ಹಾಕಿಕೊಡಿ, ನೆಲಮಹಡಿಯಲ್ಲಿ ಕೂರಿಸಿ’ ಎಂದರೆ ಅದು ಇಂತಿಷ್ಟೇ ಎಂದು ಅವರಿಗೂ ಗೊತ್ತಾಗುತ್ತದೆ.

ಪಕ್ಕದ ಬೆಂಚಿನವರಿಗೂ ಪಾಲಿದೆ

ಈ ಪುಟ ಓದುವ ಹೆಚ್ಚಿನವರಿಗೆ ಅಂಗವೈಕಲ್ಯ ಇರಲಿಕ್ಕಿಲ್ಲ. ಆದರೆ ನಿಮ್ಮ ತರಗತಿಯಲ್ಲಿ ಒಬ್ಬರಾದರೂ ಇರುತ್ತಾರೆ. ನೋಟ್ಸ್ ಹಂಚುವಾಗ ಯುನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ. ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡವನ್ನು ನಮ್ಮ ತಂತ್ರಾಂಶ ಓದಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗದ್ದಲವಷ್ಟೇ ಕೇಳಿಸುತ್ತದೆ. ಫೋಟೊ ತೆಗೆದು ಕಳಿಸಿದ ಪುಟದಲ್ಲಿ ಅದಕ್ಕೆ ಏನೂ ಕಾಣುವುದೇ ಇಲ್ಲ. ನೇಮಕಾತಿ ಅಧಿಸೂಚನೆಗಳನ್ನು ಸ್ಕ್ಯಾನ್ ಮಾಡಿ ಹಾಕುವ ಇಲಾಖೆಗಳಿಗೂ ಇದನ್ನು ಯಾರಾದರೂ ಹೇಳಬೇಕಿದೆ.

ಪರೀಕ್ಷೆಗೆ ಬರಹಗಾರರು ಸಿಗದೆ ಕಂಗಾಲಾಗುವವರು ಪ್ರತಿ ಸೆಮಿಸ್ಟರ್‌ನಲ್ಲೂ ಇದ್ದಾರೆ. ಯಾರು ಬರೆಯಬಹುದು ಎಂಬುದಕ್ಕೆ ವಿದ್ಯಾರ್ಹತೆಯ ಮಿತಿ ಇರುತ್ತದೆ, ಅಧಿಸೂಚನೆ ನೋಡಿಕೊಂಡು ಮುಂದೆ ಬನ್ನಿ. ಮೂರು ಗಂಟೆ ಕೂತು ಇನ್ನೊಬ್ಬರು ಹೇಳಿದ್ದನ್ನು ಇದ್ದಂತೆ ಬರೆಯುವುದು ಸುಲಭವೇನಲ್ಲ, ಆದರೆ ಅದರಿಂದ ಒಬ್ಬರ ಒಂದು ವರ್ಷ ಉಳಿಯುತ್ತದೆ. ನಾಳೆ ನಿಮ್ಮಲ್ಲೇ ಕೆಲವರು ಎಚ್‌ಆರ್ ಆಗುತ್ತೀರಿ, ಮ್ಯಾನೇಜರ್ ಆಗುತ್ತೀರಿ, ಸಂದರ್ಶನದ ಮೇಜಿನ ಆಚೆ ಬದಿಯಲ್ಲಿ ಕೂರುತ್ತೀರಿ. ಅಲ್ಲಿ ಯಾವ ಪ್ರಶ್ನೆ ಕೇಳಬೇಕು ಎಂಬ ಅಭ್ಯಾಸ ಕಾಲೇಜಿನಲ್ಲೇ ಆಗಲಿ.

ಅದಕ್ಕೆ ಮುಹೂರ್ತವೇನೂ ಬೇಕಿಲ್ಲ. ಈ ತಿಂಗಳು ನಿಮ್ಮ ಕಾಲೇಜಿನಲ್ಲಿ ಕ್ಯಾಂಪಸ್ ಸಂದರ್ಶನ ಇದ್ದರೆ, ಅದು ಯಾವ ಮಹಡಿಯಲ್ಲಿ ನಡೆಯುತ್ತದೆ ಎಂದು ಒಮ್ಮೆ ನೋಡಿ. ಮೂರನೇ ಮಹಡಿಯಾಗಿದ್ದು ಲಿಫ್ಟ್ ಇಲ್ಲದಿದ್ದರೆ, ಕೆಳಗೊಂದು ಕೊಠಡಿ ಕೊಡಿಸಿ ಎಂದು ಪ್ಲೇಸ್‌ಮೆಂಟ್ ಅಧಿಕಾರಿಗೆ ಇವತ್ತೇ ನಾಲ್ಕು ಸಾಲು ಬರೆದುಕೊಡಿ.