ಮೂರೂಕಾಲು ಗಂಟೆಯ ಏಳೂವರೆ ಡಿಗ್ರಿ

ಸಮಯ ಮೂರೂಕಾಲು ಆದಾಗ ಗಡಿಯಾರದ ಎರಡು ಮುಳ್ಳುಗಳ ನಡುವೆ ಎಷ್ಟು ಕೋನವಿರುತ್ತದೆ ಎಂದು ಕೇಳಿದರೆ, ಎರಡೂ ಮೂರರ ಮೇಲೆಯೇ ಇರುವುದರಿಂದ ಕೋನವೇ ಇಲ್ಲವೆಂಬ ಉತ್ತರ ಥಟ್ಟನೆ ಬರುತ್ತದೆ. ಆದರೆ ಗೋಡೆ ಗಡಿಯಾರವನ್ನು ಸೂಕ್ಷ್ಮವಾಗಿ ನೋಡಿದರೆ, ಗಂಟೆಯ ಮುಳ್ಳು ಆ ಹೊತ್ತಿಗೆ ಮೂರನ್ನು ದಾಟಿ ನಾಲ್ಕರ ಕಡೆಗೆ ಕಾಲು ದಾರಿ ಸವೆಸಿರುವುದು ಕಾಣುತ್ತದೆ. ಗಡಿಯಾರದ ಲೆಕ್ಕದಲ್ಲಿ ಎಡವುವವರು ಸಾಮಾನ್ಯವಾಗಿ ಮರೆಯುವುದು ಈ ನಿಧಾನದ ನಡಿಗೆಯನ್ನೇ.

ವೃತ್ತವೊಂದನ್ನು 360 ಸಮಭಾಗಗಳಾಗಿಸಿದಾಗ ದೊರೆಯುವ ಒಂದು ಭಾಗವೇ ಡಿಗ್ರಿ. ಪ್ರಾಚೀನ ಬ್ಯಾಬಿಲೋನಿಯದ ಅರವತ್ತರ ಎಣಿಕೆಯಿಂದ ಬೆಳೆದು ಬಂದ ಈ ವಿಭಜನೆ ಗಂಟೆಯ 60 ನಿಮಿಷಗಳೊಂದಿಗೆ ಸಲೀಸಾಗಿ ಹೊಂದುತ್ತದೆ. ನಿಮಿಷದ ಮುಳ್ಳು 60 ನಿಮಿಷಗಳಲ್ಲಿ 360 ಡಿಗ್ರಿ ಸುತ್ತುವುದರಿಂದ ಅದರ ವೇಗ ನಿಮಿಷಕ್ಕೆ 6 ಡಿಗ್ರಿ. ಒಳಗಿನ ಹಲ್ಲುಚಕ್ರಗಳು ಈ ವೇಗವನ್ನು ಹನ್ನೆರಡರಲ್ಲೊಂದು ಪಾಲಿಗೆ ಇಳಿಸಿ ಗಂಟೆಯ ಮುಳ್ಳಿಗೆ ದಾಟಿಸುವುದರಿಂದ ಅದು ಗಂಟೆಗೆ 30 ಡಿಗ್ರಿ, ಅಂದರೆ ನಿಮಿಷಕ್ಕೆ ಅರ್ಧ ಡಿಗ್ರಿ ಚಲಿಸುತ್ತದೆ. ಹನ್ನೆರಡರ ಗುರುತಿನಿಂದ ಅಳೆದರೆ, ಮೂರೂಕಾಲಿನ ಹೊತ್ತಿಗೆ ನಿಮಿಷದ ಮುಳ್ಳು 15 × 6 = 90 ಡಿಗ್ರಿಯಲ್ಲಿಯೂ, ಗಂಟೆಯ ಮುಳ್ಳು 3 × 30ಕ್ಕೆ 15 ನಿಮಿಷಗಳ ಏಳೂವರೆ ಸೇರಿ 97.5 ಡಿಗ್ರಿಯಲ್ಲಿಯೂ ಇರುತ್ತವೆ. ನಡುವಿನ ಅಂತರ 7.5 ಡಿಗ್ರಿ.

ಎರಡು ವೇಗಗಳ ವ್ಯತ್ಯಾಸವಾದ 5.5 ಡಿಗ್ರಿಯನ್ನು ಸಾಪೇಕ್ಷ ವೇಗ, ಅಂದರೆ ನಿಮಿಷದ ಮುಳ್ಳು ಗಂಟೆಯ ಮುಳ್ಳಿಗಿಂತ ಪ್ರತಿ ನಿಮಿಷ ಮುಂದಾಗುವ ಪ್ರಮಾಣ, ಎನ್ನಬಹುದು. ಹನ್ನೆರಡು ಗಂಟೆಗೆ ಒಂದಾಗಿದ್ದ ಮುಳ್ಳುಗಳು ಮತ್ತೆ ಒಂದಾಗಬೇಕಾದರೆ ನಿಮಿಷದ ಮುಳ್ಳು ಒಂದು ಪೂರ್ಣ ಸುತ್ತು ಹೆಚ್ಚಾಗಿ ಓಡಬೇಕಾದ್ದರಿಂದ, 360ನ್ನು 5.5ರಿಂದ ಭಾಗಿಸಿದಾಗ ಬರುವ ಸುಮಾರು 65 ನಿಮಿಷ 27 ಸೆಕೆಂಡು ಅವುಗಳ ಭೇಟಿಯ ಅಂತರವಾಗುತ್ತದೆ. ಹೀಗಾಗಿ ಹನ್ನೆರಡು ಗಂಟೆಗಳಲ್ಲಿ ಭೇಟಿಗಳು ಹನ್ನೆರಡಲ್ಲ, ಹನ್ನೊಂದೇ. ಹತ್ತೂ ಐವತ್ತನಾಲ್ಕು ದಾಟಿದ ಮೇಲೆ ನಡೆಯುವ ಭೇಟಿಯ ನಂತರದ್ದು ನೇರವಾಗಿ ಹನ್ನೆರಡಕ್ಕೆ ಒದಗುವುದರಿಂದ, ಹನ್ನೊಂದರಿಂದ ಹನ್ನೆರಡರ ನಡುವೆ ಬೇರೊಂದು ಭೇಟಿಗೆ ಅವಕಾಶವೇ ಇರುವುದಿಲ್ಲ. ಪ್ರತಿ ಭೇಟಿಯಿಂದ ಮುಂದಿನ ಭೇಟಿಯೊಳಗೆ ಮುಳ್ಳುಗಳು ಎರಡು ಸಲ ಲಂಬಕೋನ, ಅಂದರೆ 90 ಡಿಗ್ರಿಯ ಕೋನ, ಮಾಡುವುದರಿಂದ ದಿನವೊಂದಕ್ಕೆ ಭೇಟಿಗಳು 22, ಲಂಬಕೋನಗಳು 44.

ಯುರೋಪಿನ ಆರಂಭದ ಯಾಂತ್ರಿಕ ಗಡಿಯಾರಗಳಲ್ಲಿ ಸಾಮಾನ್ಯವಾಗಿ ಗಂಟೆಯ ಮುಳ್ಳೊಂದೇ ಇರುತ್ತಿತ್ತು. 1656ರಲ್ಲಿ ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗನ್ಸ್ ಲೋಲಕದ ಗಡಿಯಾರವನ್ನು ರೂಪಿಸಿ ನಿಖರತೆ ಹೆಚ್ಚಿದ ನಂತರವೇ ನಿಮಿಷದ ಮುಳ್ಳು ರೂಢಿಗೆ ಬಂದಿತು. ಒಂಟಿ ಮುಳ್ಳಿನಿಂದಲೂ ಸಮಯ ತಿಳಿಯಬಹುದಾಗಿತ್ತು, ಏಕೆಂದರೆ 97.5ನ್ನು 30ರಿಂದ ಭಾಗಿಸಿದರೆ ದೊರೆಯುವ 3.25 ಮೂರೂಕಾಲು ಗಂಟೆಯೇ ಆಗಿದೆ. ಅವಸರದ ಉತ್ತರ ಕಡೆಗಣಿಸುವ ಆ ಏಳೂವರೆ ಡಿಗ್ರಿಯಲ್ಲಿಯೇ ಹದಿನೈದು ನಿಮಿಷಗಳೂ ಅಡಗಿವೆ.