ರೇಡಿಯೋದ ಗೊರಗೊರ ಕಳೆಯಲು ಕವಚದ ಬಳೆ ಏರಿಯಲ್

ಕಣದಲ್ಲಿ ಕಾಫಿ ಹರಡಿರುವಾಗ, ಅಂಗಳದಲ್ಲಿ ಅಡಿಕೆ ಒಣಗುತ್ತಿರುವಾಗ ಹವಾಮಾನ ವರದಿಯ ಒಂದು ಮಾತು ಕೇಳಿಸದೆ ಹೋದರೆ ಆಗುವ ನಷ್ಟವನ್ನು ಬೆಳೆಗಾರರಿಗೆ ನಾವು ವಿವರಿಸಬೇಕಾಗಿಲ್ಲ. ಬೋರ್ಡೋ ಸಿಂಪಡಣೆಗೂ ಹೊಳವು ಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ, ಮೊಬೈಲೂ ಸ್ತಬ್ಧವಾದಾಗ ಸೆಲ್ಲು ಹಾಕಿದ ರೇಡಿಯೋ ಒಂದೇ ಗತಿ. ಗುಡ್ಡದ ಮರೆಯಲ್ಲಿ ಎಫ್.ಎಂ. ಸಿಗದ ಕಡೆಯೂ ಮಧ್ಯಮ ತರಂಗ ತಲುಪುತ್ತದೆ. ಆದರೆ ಕೇಳುವುದು ಬರೀ ಗೊರಗೊರ ಎಂಬುದು ಅನೇಕರ ದೂರು.

ಇದಕ್ಕೆ ನಿಲಯವನ್ನು ದೂರಿ ಪ್ರಯೋಜನವಿಲ್ಲ. ಬಹುಮಟ್ಟಿಗೆ ಗದ್ದಲ ನಮ್ಮ ಮನೆಯದೇ. ಎಲ್.ಇ.ಡಿ. ದೀಪ, ಮೊಬೈಲ್ ಚಾರ್ಜರ್, ಇನ್ವರ್ಟರ್‌ಗಳು ಗೊರಗೊರ ಎಬ್ಬಿಸುತ್ತವೆ. ಸೆಕೆಂಡಿಗೊಮ್ಮೆ 'ಟಕ್' ಎಂದರೆ ಅದು ಸೋಲಾರ್ ಬೇಲಿಯದು. ತಂತಿಗೆ ಬಳ್ಳಿ ತಾಗಿದಲ್ಲಿ, ಇನ್ಸುಲೇಟರ್ ಒಡೆದಲ್ಲಿ ಕಿಡಿ ಹಾರಿ ಈ ಸದ್ದು ಹುಟ್ಟುತ್ತದೆ. ಮೊದಲು ಬೇಲಿ ಸರಿಪಡಿಸತಕ್ಕದ್ದು. ಉದ್ದ ತಂತಿಯ ಏರಿಯಲ್ ಕಟ್ಟಿದರೆ ನಿಲಯದ ಜೊತೆಗೆ ಗದ್ದಲವೂ ಹೆಚ್ಚುತ್ತದೆ. ಬೇಕಾದದ್ದು ಹೆಚ್ಚು ಕೇಳುವ ಏರಿಯಲ್ ಅಲ್ಲ, ಬೇಡದ್ದಕ್ಕೆ ಕಿವುಡಾಗುವ ಏರಿಯಲ್.

ತತ್ತ್ವ

ರೇಡಿಯೋ ಅಲೆಯಲ್ಲಿ ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ ಎರಡೂ ಇರುತ್ತವೆ. ಬಳೆಯಂತೆ ಸುತ್ತಿದ ತಂತಿ ಕಾಂತಕ್ಷೇತ್ರವನ್ನು ಹಿಡಿಯುತ್ತದೆ. ಮನೆಯ ವಯರುಗಳ ಗದ್ದಲ ಹತ್ತಿರದಲ್ಲಿ ಹೆಚ್ಚಾಗಿ ವಿದ್ಯುತ್ ಕ್ಷೇತ್ರದ ಮೂಲಕ ಅಂಟುತ್ತದೆ. ಬಳೆಯ ಮೇಲೆ ಲೋಹದ ಕವಚ ಹಾಕಿ ಭೂಮಿಗೆ ಜೋಡಿಸಿದರೆ ಈ ಪಾಲು ಅಲ್ಲಿಗೇ ಇಳಿದುಹೋಗುತ್ತದೆ. ಆದರೆ ಕವಚ ಪೂರ್ಣ ಸುತ್ತಾಗಕೂಡದು. ಸುತ್ತು ಮುಚ್ಚಿದರೆ ಅದರಲ್ಲೇ ವಿದ್ಯುತ್ ಹರಿದು ನಿಲಯವೂ ಸತ್ತುಹೋಗುತ್ತದೆ. ಮೇಲ್ತುದಿಯಲ್ಲಿ ಒಂದು ಅಂಗುಲ ಬಿಡುವು ಇರಲೇಬೇಕು. ಇಡೀ ಕೆಲಸದ ಜೀವಾಳ ಇದೇ.

ಕಟ್ಟುವ ಕ್ರಮ

ಹವ್ಯಾಸಿ ರೇಡಿಯೋ ಕಿಟ್‌ನಲ್ಲಿ ಬರುವ ಗ್ಯಾಂಗ್ ಕಂಡೆನ್ಸರ್ (ಸುಮಾರು 365 ಪಿಕೋಫ್ಯಾರಡ್), ಪ್ಲಾಸ್ಟಿಕ್ ಹೊದಿಕೆಯ ಸಣ್ಣ ತಂತಿ 28 ಮೀಟರ್, 16 ಮಿ.ಮೀ. ಹನಿ ನೀರಾವರಿ ಪೈಪಿನ ತುಂಡು 1.9 ಮೀಟರ್, ಅಡಿಗೆಮನೆಯ ಅಲ್ಯೂಮಿನಿಯಂ ಹಾಳೆ, ಸ್ವಲ್ಪ ಬರಿ ತಾಮ್ರದ ತಂತಿ ಸಾಕು. ಗ್ಯಾಂಗಿನ ಎರಡು ಭಾಗಗಳು ಚಿಕ್ಕದಿದ್ದರೆ ಎರಡನ್ನೂ ಸೇರಿಸಿ ಬಳಸಿರಿ.

ಹಲಗೆಯ ಮೇಲೆ 60 ಸೆಂ.ಮೀ. ಅಡ್ಡಳತೆಯ ವೃತ್ತ ಗೀಚಿ, ಸುತ್ತ ಮೊಳೆ ಹೊಡೆದು, ತಂತಿಯನ್ನು 12 ಸುತ್ತು ಸುತ್ತಿರಿ. ಇದರ ಎರಡು ತುದಿಗಳು ಗ್ಯಾಂಗಿಗೆ. ಜೊತೆಯಲ್ಲೇ ಬೇರೆ ತಂತಿಯ ಒಂದೇ ಸುತ್ತು ಹಾಕಿರಿ. ಇದರ ತುದಿಗಳು ರೇಡಿಯೋಗೆ. ತುದಿಗಳೆಲ್ಲ ಕೆಳಗಡೆಯೇ ಹೊರಬರಲಿ. ಕಟ್ಟನ್ನು ಬಿಗಿದು, ಉದ್ದಕ್ಕೆ ಸೀಳಿದ ಪೈಪಿನೊಳಗೆ ಕೂರಿಸಿರಿ. ಅಲ್ಯೂಮಿನಿಯಂಗೆ ಬೆಸುಗೆ ಹಿಡಿಯದು. ಆದ್ದರಿಂದ ಎಡ, ಬಲ ಎರಡು ಅರ್ಧಗಳಲ್ಲೂ ಪೈಪಿನ ಮೇಲೆ ಒಂದೊಂದು ತಾಮ್ರದ ತಂತಿ ಇಟ್ಟು, ಅದನ್ನು ಅದುಮಿಕೊಂಡಂತೆ ಹಾಳೆ ಸುತ್ತಿ, ಮೇಲೆ ಟೇಪು ಹಾಕಿರಿ. ಮೇಲಿನ ಬಿಡುವನ್ನು ಹಾಳೆಯೂ ತಂತಿಯೂ ದಾಟಬಾರದು. ಕೆಳಗೆ ಎರಡೂ ತಾಮ್ರದ ತಂತಿಗಳನ್ನು ಹೆಣೆದು, ತೇವದ ನೆಲದಲ್ಲಿ ಹೊಡೆದ ಕಬ್ಬಿಣದ ಸರಳಿಗೆ ಕಟ್ಟಿರಿ. ಬೇಲಿಯ ಅರ್ತ್‌ಗೆ ಮಾತ್ರ ಎಂದೂ ಜೋಡಿಸಬೇಡಿ. ಪೂರ್ಣ ಬಳೆಯನ್ನು ಮರದ ಅಡ್ಡಪಟ್ಟಿಗೆ ಬಿಗಿದು, ತಿರುಗುವಂತೆ ನಿಲ್ಲಿಸಿರಿ.

ಉಪಯೋಗಿಸುವ ಬಗೆ

ರೇಡಿಯೋದಲ್ಲಿ ಏರಿಯಲ್, ಅರ್ತ್ ಕಿಂಡಿಗಳಿದ್ದರೆ ಒಂದು ಸುತ್ತಿನ ತುದಿಗಳನ್ನು ಅಲ್ಲಿಗೇ ಕೊಡಿ. ಇಲ್ಲದಿದ್ದರೆ, ಒಳಗಿನ ಫೆರೈಟ್ ಕಡ್ಡಿ ಇರುವೆಡೆ ಪೆಟ್ಟಿಗೆಯ ಸುತ್ತ 10 ಸುತ್ತು ತಂತಿ ಹಾಕಿ ಅದಕ್ಕೆ ಜೋಡಿಸಿರಿ. ಕಡ್ಡಿ ತಾನೇ ಗದ್ದಲ ಹಿಡಿಯುವುದರಿಂದ, ಮೊದಲು ರೇಡಿಯೋವನ್ನು ಸದ್ದು ಕಡಿಮೆಯಾಗುವ ದಿಕ್ಕಿಗೆ ತಿರುಗಿಸಿಡಿ.

ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರ್. ಅದರೆದುರು ನಮ್ಮ ಬಳೆ ತೀರ ಚಿಕ್ಕದು. ಆದ್ದರಿಂದಲೇ ಗ್ಯಾಂಗಿನಿಂದ ಶ್ರುತಿ ಕೂಡಿಸಬೇಕು. ನಿಧಾನವಾಗಿ ತಿರುಗಿಸಿದರೆ ಒಂದೆಡೆ ಧ್ವನಿ ಫಕ್ಕನೆ ಏರುತ್ತದೆ. ನಿಮ್ಮ ನಿಲಯ ಇನ್ನೂ ಕೆಳಗಿನ ಕಿಲೋಹರ್ಟ್ಸ್‌ನಲ್ಲಿ ಉಳಿದರೆ ಒಂದು ಸುತ್ತು ಹೆಚ್ಚಿಸಿರಿ, ಮೇಲುಳಿದರೆ ಒಂದೆರಡು ಸುತ್ತು ಬಿಚ್ಚಿರಿ.

ಅನಂತರ ಬಳೆಯನ್ನು ತಿರುಗಿಸಿರಿ. ಬಳೆಯ ಅಂಚು ನಿಲಯದ ಕಡೆಗಿದ್ದರೆ ಧ್ವನಿ ಹೆಚ್ಚು; ಬಳೆಯ ಮುಖ ಯಾವ ಕಡೆಗಿದೆಯೋ ಆ ಕಡೆಯ ಸದ್ದು ಅಡಗುತ್ತದೆ. ಗದ್ದಲದ ಕಡೆಗೆ ಮುಖ ಮಾಡಿದರೆ ಕೆಲಸವಾಯಿತು. ನಿಲಯವೂ ಗದ್ದಲವೂ ಒಂದೇ ದಿಕ್ಕಿನಲ್ಲಿದ್ದರೆ ಈ ಉಪಾಯ ನಡೆಯದು. ಆಗ ಬಳೆಯನ್ನೂ ರೇಡಿಯೋವನ್ನೂ ಮನೆಯಿಂದ ದೂರದ ಕೊಟ್ಟಿಗೆಗೋ ಗೋದಾಮಿಗೋ ಒಯ್ಯಬೇಕು.

ಎಚ್ಚರಿಕೆ

ಬಳೆಯನ್ನು ಮಾಡಿನ ಮೇಲೆ ಅಥವಾ ಮರದಲ್ಲಿ ಕಟ್ಟಬೇಡಿ. ನೆಲಮಟ್ಟದಲ್ಲಿ, ಸೂರಿನಡಿಯೇ ಚೆನ್ನಾಗಿ ಕೆಲಸ ಮಾಡುತ್ತದೆ. ಗುಡುಗು ಕೇಳಿದೊಡನೆ ದೂರವಿರಿ; ಮೋಡ ಕವಿಯುವ ಮೊದಲೇ ತಂತಿ ಕಳಚಿಡುವುದು ಲೇಸು. ಕರೆಂಟಿನ ಲೈನಿಗೂ ಇದಕ್ಕೂ ಯಾವ ಸಂಬಂಧವೂ ಬೇಡ.

ರಜೆಯಲ್ಲಿ ಮನೆಗೆ ಬಂದ ಮಕ್ಕಳ ಕೈಗೆ ಈ ಕೆಲಸ ಕೊಟ್ಟರೆ ಅವರಿಗೂ ಪಾಠ, ಕಣದ ಕಾಫಿಗೂ ಕಾವಲು.